ಸೋಮಾರಿ ಅನಿಲದ ಕಾವಲಿನಲ್ಲಿ

ಹೊಸ ಮನೆಗಳು ಏಳುತ್ತಿರುವ ಯಾವುದಾದರೊಂದು ಬಡಾವಣೆಯಲ್ಲಿ ಸಂಜೆಯ ಹೊತ್ತು ನಡೆದುಹೋಗುವಾಗ, ಬೀದಿಯ ಮೂಲೆಯ ತಗಡಿನ ಶೆಡ್ಡಿನಿಂದ ಕಣ್ಣು ಕೋರೈಸುವ ನೀಲಿಬಿಳುಪಿನ ಬೆಳಕು ಚಿಮ್ಮುವುದನ್ನು ನೋಡದವರು ಯಾರು? ಕಿಟಕಿಯ ಸರಳುಗಳನ್ನು ಕೂಡಿಸುವ ಕೆಲಸ ಅಲ್ಲಿ ನಡೆದಿರುತ್ತದೆ. "ಅತ್ತ ನೋಡಬೇಡವೋ, ಕಣ್ಣು ಹೋದೀತು" ಎಂದು ತಾಯಿ ಮಗುವಿನ ಮುಖಕ್ಕೆ ಸೆರಗು ಹಿಡಿಯುತ್ತಾಳೆ. ಮಗು ಸೆರಗಿನ ಸಂದಿನಿಂದಲೇ ನೋಡುತ್ತದೆ. ನಾನೂ ಚಿಕ್ಕಂದಿನಲ್ಲಿ ಹಾಗೆಯೇ ನೋಡಿದವನು. ಅಂದು ರಾತ್ರಿ ಕಣ್ಣಿನೊಳಗೆ ಹಿಡಿ ಮರಳು ಎರಚಿದಂತಾಗಿ ಎಚ್ಚರವಾಯಿತು. ಅಜ್ಜಿ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಕಣ್ಣಿನ ಮೇಲಿಟ್ಟು, ಬೆಳಗಾಗುವವರೆಗೂ ಬೈಯುತ್ತ ಕುಳಿತಿದ್ದಳು. ಬೆಸುಗೆಯ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳು ಕಣ್ಣಿನ ಮೇಲ್ಪೊರೆಯನ್ನು ಸುಡುತ್ತವೆಂದೂ, ಆ ಸುಟ್ಟಗಾಯ ಕೆಲವು ಗಂಟೆಗಳ ತರುವಾಯವೇ ನೋವು ಕೊಡಲಾರಂಭಿಸುತ್ತದೆಂದೂ, ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮಾಯುತ್ತದೆಂದೂ ತಿಳಿದದ್ದು ಬಹಳ ವರ್ಷಗಳ ಮೇಲೆ.

ಬೀದಿಯ ಶೆಡ್ಡಿನಲ್ಲಿ ಸಾಮಾನ್ಯವಾಗಿ ನಡೆಯುವುದು ಕಡ್ಡಿಯ ಬೆಸುಗೆ. ಅದಕ್ಕೊಬ್ಬ ತಮ್ಮನಿದ್ದಾನೆ. ಈ ತಮ್ಮನ ಕೈಯಲ್ಲಿ ಕಡ್ಡಿಯಿಲ್ಲ, ಪಿಸ್ತೂಲಿನಂತಹ ಒಂದು ಉಪಕರಣವಿದೆ. ಅದರ ಮೂತಿಯಿಂದ ತಂತಿ ತಾನಾಗಿ ಹೊರಬರುತ್ತಿರುತ್ತದೆ. ತಂತಿಯ ಸುತ್ತಲೂ ಕಣ್ಣಿಗೆ ಕಾಣದ ಅನಿಲವೊಂದು ಹರಿಯುತ್ತ ಕಾವಲು ನಿಂತಿರುತ್ತದೆ. ಶಾಸ್ತ್ರಜ್ಞರು ಇದನ್ನು ಅನಿಲಾವೃತ ಲೋಹಚಾಪ ಬೆಸುಗೆ ಎಂದು ಕರೆದರೆ, ಕಾರ್ಖಾನೆಯವರು 'ಮಿಗ್' ಎನ್ನುತ್ತಾರೆ, ಪೀಣ್ಯದ ಶೆಡ್ಡುಗಳ ಹುಡುಗರು 'ಸಿ.ಓ.ಟು. ವೆಲ್ಡಿಂಗ್' ಎಂದು ಕರೆದು ಮುಗಿಸುತ್ತಾರೆ. ಹೆಸರು ಏನೇ ಇರಲಿ, ನಮ್ಮ ನಿತ್ಯಜೀವನದಲ್ಲಿ ಇದರ ಗುರುತಿಲ್ಲದ ಮನೆ ಅಪರೂಪ. ನಂಬಿಕೆಯಾಗದಿದ್ದರೆ ಅಡುಗೆಮನೆಗೆ ಹೋಗಿ ಅನಿಲದ ಸಿಲಿಂಡರನ್ನು ನೋಡಿ. ಅದು ನೆಲದ ಮೇಲೆ ನಿಲ್ಲಲು ಆಧಾರವಾದ ಬುಡದ ಬಳೆಯನ್ನೂ, ಎತ್ತಲು ಹಿಡಿಯುವ ಮೇಲಿನ ಬಳೆಯನ್ನೂ ಒಡಲಿಗೆ ಕೂಡಿಸಿರುವುದು ಬಹುಮಟ್ಟಿಗೆ ಇದೇ ವಿಧಾನದಿಂದ. ಹೊಟ್ಟೆಯ ನಡುವೆ ಸುತ್ತಲೂ ಹಾದಿರುವ ಉಬ್ಬುಗೆರೆ ಮಾತ್ರ ಇದರ ದಾಯಾದಿಯಾದ ಇನ್ನೊಂದು ವಿಧಾನದ್ದು. ಅಲ್ಲಿ ಚಾಪವು ಪುಡಿಯ ರಾಶಿಯೊಳಗೆ ಹುದುಗಿ ಉರಿಯುತ್ತದೆ.

ಕುಲುಮೆಯಿಂದ ಕಿಡಿಯವರೆಗೆ

ಲೋಹಕ್ಕೆ ಲೋಹವನ್ನು ಕೂಡಿಸುವ ವಿದ್ಯೆ ನಮಗೆ ಹೊಸದಲ್ಲ. ನಮ್ಮ ಹಳ್ಳಿಯ ಕಮ್ಮಾರ ಎರಡು ಕಬ್ಬಿಣದ ತುದಿಗಳನ್ನು ಕುಲುಮೆಯಲ್ಲಿಟ್ಟು, ತಿದಿಯೊತ್ತಿ, ಬಿಳಿಗಾವು ಬಂದೊಡನೆ ಅಡಿಗಲ್ಲಿನ ಮೇಲೆ ಒಂದರಮೇಲೊಂದಿಟ್ಟು ಬಡಿದು ಒಂದುಮಾಡುತ್ತಿದ್ದ. ದೆಹಲಿಯ ಕಬ್ಬಿಣದ ಕಂಬ, ಏಳು ಮೀಟರಿಗೂ ಹೆಚ್ಚು ಎತ್ತರದ ಮತ್ತು ಆರು ಟನ್ನಿಗೂ ಮಿಕ್ಕ ತೂಕದ ಆ ಮಹಾಸ್ತಂಭ, ಸುಮಾರು 1600 ವರ್ಷಗಳ ಹಿಂದೆ ಇದೇ ರೀತಿ ಕಬ್ಬಿಣದ ಮುದ್ದೆಗಳನ್ನು ಕಾಸಿ ಬಡಿದು ಬೆಸೆದದ್ದು. ಆದರೆ ಹಡಗಿನ ಒಡಲನ್ನೋ ಸೇತುವೆಯ ತೊಲೆಯನ್ನೋ ಕುಲುಮೆಯೊಳಗೆ ಇಡುವುದೆಂತು? ಆದುದರಿಂದ ಹತ್ತೊಂಬತ್ತನೆಯ ಶತಮಾನದ ಇಂಜಿನಿಯರುಗಳು ರಿವೆಟ್ಟಿಗೆ ಶರಣಾದರು. ಹಲಗೆಗಳನ್ನು ಒಂದರಮೇಲೊಂದು ಹೊದಿಸಿ, ತೂತು ಕೊರೆದು, ಕೆಂಪಗೆ ಕಾದ ಮೊಳೆಯನ್ನು ತೂರಿಸಿ, ಅದರ ತಲೆ ಚಪ್ಪಟೆಯಾಗುವಂತೆ ಬಡಿಯುವುದು. 1943ರಲ್ಲಿ ಸಂಚಾರಕ್ಕೆ ತೆರೆದ ಕಲ್ಕತ್ತೆಯ ಹೌರಾ ಸೇತುವೆಯ 26,500 ಟನ್ ಉಕ್ಕು ನಿಂತಿರುವುದು ರಿವೆಟ್ಟುಗಳ ಬಲದ ಮೇಲೆಯೇ. ಅದರ ಚೆಲುವನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಂದರಮೇಲೊಂದು ಹೊದಿಸಿದ ಅಂಚುಗಳಿಗಾಗಿ ಹೆಚ್ಚು ಉಕ್ಕು, ಒಂದೊಂದು ತೂತಿಗೂ ಒಂದೊಂದು ಶ್ರಮ.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ವಿದ್ಯುತ್ ಕೋಶಗಳ ಸಾಲಿಗೆ ಜೋಡಿಸಿದ ಎರಡು ಇದ್ದಿಲ ಕಡ್ಡಿಗಳನ್ನು ಮುಟ್ಟಿಸಿ ತುಸುವೇ ದೂರ ಸರಿಸಿದಾಗ, ನಡುವಣ ಗಾಳಿಯಲ್ಲಿ ಬಿಲ್ಲಿನಂತೆ ಬಾಗಿದ ಉರಿಯೊಂದು ನಿಂತಿತು. ಬಿಲ್ಲಿನಂತಿದ್ದುದರಿಂದಲೇ ಅದಕ್ಕೆ 'ಚಾಪ' ಎಂಬ ಹೆಸರು. ಅದರ ಒಡಲಿನಲ್ಲಿ ಉಷ್ಣತೆ 5000 ಡಿಗ್ರಿ ಸೆಂಟಿಗ್ರೇಡನ್ನೂ ಮೀರುತ್ತದೆ; ಉಕ್ಕು ಕರಗುವುದಾದರೋ ಸುಮಾರು 1500ರಲ್ಲಿ. ಆದರೂ ಈ ಬೆಂಕಿಯನ್ನು ಬೆಸುಗೆಗೆ ಹೂಡಲು ಮುಕ್ಕಾಲು ಶತಮಾನ ಬೇಕಾಯಿತು. ರಷ್ಯದ ನಿಕೊಲಾಯ್ ಬೆನಾರ್ಡೋಸ್ ಎಂಬುವನು ಪೋಲೆಂಡಿನ ಒಲ್‌ಷೆವ್‌ಸ್ಕಿಯೊಡನೆ ಸೇರಿ 1885ರಲ್ಲಿ ಇಂಗಾಲದ ಕಡ್ಡಿಯ ಚಾಪದಿಂದ ಬೆಸೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದ. ಗ್ರೀಕರ ಕಮ್ಮಾರ ದೇವತೆಯ ಹೆಸರನ್ನೇ ಅದಕ್ಕೆ ಇಟ್ಟನಂತೆ. ನಮ್ಮವನಾಗಿದ್ದರೆ ವಿಶ್ವಕರ್ಮನನ್ನು ನೆನೆಯುತ್ತಿದ್ದ. ಮೂರು ವರ್ಷಗಳಲ್ಲಿ ಅದೇ ದೇಶದ ಸ್ಲಾವ್ಯಾನೋವ್ ಇನ್ನೊಂದು ಹೆಜ್ಜೆ ಮುಂದಿಟ್ಟ. ಇಂಗಾಲದ ಬದಲು ಲೋಹದ ಕಡ್ಡಿಯನ್ನೇ ಹಿಡಿದರೆ ಚಾಪವನ್ನು ಹೊತ್ತಿಸುವುದೂ ಅದೇ, ಕರಗಿ ಸಂದನ್ನು ತುಂಬುವುದೂ ಅದೇ! ಒಂದೇ ಕಡ್ಡಿ, ಎರಡು ಕೆಲಸ. ಇಂದಿನ ಪಿಸ್ತೂಲಿನ ತಂತಿ ಮಾಡುವುದೂ ಇದನ್ನೇ.

ಇಷ್ಟಾದರೂ ಬೆಸುಗೆಯನ್ನು ನೆಚ್ಚುವವರಿರಲಿಲ್ಲ. ಮೇಲೆ ಗಟ್ಟಿಯಾಗಿ ಕಾಣುತ್ತಿದ್ದ ಜೋಡಣೆ ಒಂದು ಪೆಟ್ಟಿಗೆ ಹಪ್ಪಳದಂತೆ ಮುರಿಯುತ್ತಿತ್ತು. ತಪ್ಪು ಬೆಂಕಿಯದಲ್ಲ, ನಾವು ಉಸಿರಾಡುವ ಗಾಳಿಯದು. ಕರಗಿದ ಉಕ್ಕು ಬಾಯಾರಿದ ದನದಂತೆ ಸಿಕ್ಕಿದ್ದನ್ನೆಲ್ಲ ಹೀರುತ್ತದೆ. ಆಮ್ಲಜನಕ ಸೇರಿದರೆ ಉಕ್ಕು ಸುಡುತ್ತದೆ. ಸಾರಜನಕ ಸೇರಿದರೆ ಪೆಡಸಾಗುತ್ತದೆ. ತೇವದಿಂದ ಬಂದ ಜಲಜನಕ ಒಳಗೇ ಅಡಗಿದ್ದು, ಎಲ್ಲರೂ ಮನೆಗೆ ಹೋದ ಮೇಲೆ ನಿಧಾನವಾಗಿ ಬಿರುಕು ಬಿಡಿಸುತ್ತದೆ. ಸ್ವೀಡನ್ ದೇಶದ ಆಸ್ಕರ್ ಕೆಲ್‌ಬರ್ಗ್ ಹಡಗುಗಳ ಆವಿಪಾತ್ರೆಗಳನ್ನು ದುರಸ್ತಿ ಮಾಡುತ್ತಿದ್ದವನು. 1904ರಲ್ಲಿ ಸ್ವಂತ ಕಂಪನಿಯನ್ನೇ ಸ್ಥಾಪಿಸಿದ. ಕಬ್ಬಿಣದ ಕಡ್ಡಿಯನ್ನು ಖನಿಜಗಳ ಸರಿಯಲ್ಲಿ ಅದ್ದಿ ಒಣಗಿಸಿ ಬಳಸಿದರೆ, ಆ ಲೇಪ ಉರಿದು ಹೊಗೆಯ ತೆರೆಯನ್ನೂ, ಕರಗಿದ ಲೋಹದ ಮೇಲೆ ಕಿಟ್ಟದ ಹೊದಿಕೆಯನ್ನೂ ಒದಗಿಸುತ್ತದೆಂಬುದನ್ನು ಅವನು ತೋರಿಸಿಕೊಟ್ಟ. ಬೀದಿಯ ಶೆಡ್ಡಿನಲ್ಲಿ ಇಂದಿಗೂ ಕಾಣುವುದು ಅವನ ಕಡ್ಡಿಯ ಸಂತತಿಯೇ. 1920ರಲ್ಲಿ ಇಂಗ್ಲೆಂಡಿನಲ್ಲಿ ರಿವೆಟ್ಟೇ ಇಲ್ಲದ 'ಫುಲ್ಲಗರ್' ಎಂಬ ಹಡಗು ಸಮುದ್ರಕ್ಕಿಳಿಯಿತು.

ಕಡ್ಡಿಗೆ ಎರಡು ಕೊರತೆ. ಒಂದು ಮೊಳದಷ್ಟು ಉದ್ದ ಉರಿದೊಡನೆ ಕೆಲಸ ನಿಲ್ಲಿಸಿ ಮೋಟನ್ನು ಎಸೆದು ಹೊಸದನ್ನು ಹಿಡಿಯಬೇಕು. ಕಿಟ್ಟವನ್ನು ಪ್ರತಿಸಲವೂ ಸುತ್ತಿಗೆಯಿಂದ ತಟ್ಟಿ ಉದುರಿಸಬೇಕು. ಉದುರದೆ ಒಳಗುಳಿದ ಚೂರು ಮುಂದೊಂದು ದಿನ ಕೇಡು ತಂದೀತು. ಎಂದಿಗೂ ಮುಗಿಯದ ಕಡ್ಡಿ, ಕಿಟ್ಟವನ್ನೇ ಬಿಡದ ಕಾವಲು, ಇವೆರಡೂ ಒಟ್ಟಿಗೆ ದೊರಕುವುದು ಸಾಧ್ಯವೆ?

ಯಾರೊಡನೆಯೂ ಸೇರದವನು

ಗಾಳಿಯನ್ನು ದೂರವಿಡಬೇಕಾದರೆ ಉಕ್ಕಿನೊಡನೆ ಸಂಬಂಧವನ್ನೇ ಬೆಳೆಸದ ಅನಿಲವೊಂದು ಬೇಕು. ಅಂತಹದು ನಮ್ಮ ಮೂಗಿನ ಮುಂದೆಯೇ ಇತ್ತು. ಗಾಳಿಯಿಂದ ಪಡೆದ ಸಾರಜನಕ, ರಾಸಾಯನಿಕಗಳಿಂದ ಪಡೆದ ಸಾರಜನಕಕ್ಕಿಂತ ಕೂದಲೆಳೆಯಷ್ಟು ಭಾರವೇಕೆಂದು ತಲೆಕೆಡಿಸಿಕೊಂಡ ಲಾರ್ಡ್ ರ್‍ಯಾಲೆ, ರ್‍ಯಾಮ್ಸೆಯೊಡನೆ ಸೇರಿ 1894ರಲ್ಲಿ ಗಾಳಿಯಲ್ಲಿ ಅಡಗಿದ್ದ ಹೊಸ ಅನಿಲವೊಂದನ್ನು ಹೊರಗೆಳೆದ. ಏನು ಮಾಡಿದರೂ ಅದು ಯಾವುದರೊಡನೆಯೂ ಕೂಡದು. ಆದುದರಿಂದ ಗ್ರೀಕ್ ಭಾಷೆಯಲ್ಲಿ 'ಸೋಮಾರಿ' ಎಂಬ ಅರ್ಥ ಬರುವಂತೆ ಆರ್ಗಾನ್ ಎಂದು ಹೆಸರಿಟ್ಟರು. ನೂರು ಬಿಂದಿಗೆ ಗಾಳಿಯಲ್ಲಿ ಇದರ ಪಾಲು ಒಂದು ಬಿಂದಿಗೆಗೂ ಕೊಂಚ ಕಡಿಮೆ. ಇದರ ಸೋದರ ಹೀಲಿಯಂ ಮೊದಲು ಕಾಣಿಸಿಕೊಂಡದ್ದು ಭೂಮಿಯಲ್ಲಲ್ಲ, ಸೂರ್ಯನಲ್ಲಿ. 1868ರ ಆಗಸ್ಟಿನ ಪೂರ್ಣಗ್ರಹಣವನ್ನು ನಮ್ಮ ನೆರೆಯ ಗುಂಟೂರಿನಿಂದ ವೀಕ್ಷಿಸಿದ ಫ್ರೆಂಚ್ ವಿಜ್ಞಾನಿ ಜಾನ್ಸೆನ್ನನಿಗೆ ದೊರೆತ ಹಳದಿಗೆರೆಯೇ ಅದರ ಮೊದಲ ಸುಳಿವುಗಳಲ್ಲೊಂದು.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಹೋಬಾರ್ಟ್ ಮತ್ತು ಡೆವರ್ಸ್ ಎಂಬುವರು 1920ರ ದಶಕದಲ್ಲಿಯೇ ಈ ಎರಡು ಅನಿಲಗಳ ನಡುವೆ ಚಾಪವನ್ನು ಉರಿಸಿ ನೋಡಿದ್ದರು. ಅದೇ ಕಂಪನಿಯಲ್ಲಿ ನೋಬೆಲ್ ಎಂಬುವನು (ಬಹುಮಾನದ ನೊಬೆಲ್ ಅಲ್ಲ) ಬರಿಯ ತಂತಿಯನ್ನು ಯಂತ್ರವೇ ನೂಕುತ್ತ ಹೋಗುವ ವ್ಯವಸ್ಥೆಯನ್ನು 1920ರಲ್ಲಿ ರೂಪಿಸಿದ್ದ. ತಂತಿಯೂ ಇತ್ತು, ಅನಿಲವೂ ಇತ್ತು; ಎರಡನ್ನೂ ಕೂಡಿಸುವ ತುರ್ತು ಮಾತ್ರ ಯಾರಿಗೂ ಇರಲಿಲ್ಲ. ಅನಿಲ ದುಬಾರಿ, ಕಡ್ಡಿ ಅಗ್ಗ.

ತುರ್ತು ತಂದದ್ದು ಯುದ್ಧ. ವಿಮಾನಕ್ಕೆ ಹಗುರವಾದ ಮೆಗ್ನೀಸಿಯಂ ಬೇಕು, ಅಲ್ಯೂಮಿನಿಯಂ ಬೇಕು. ಮೆಗ್ನೀಸಿಯಮ್ಮನ್ನು ಬರಿಯ ಗಾಳಿಯಲ್ಲಿ ಕಾಸಿದರೆ ದೀಪಾವಳಿಯ ಮತಾಪಿನಂತೆ ಹೊತ್ತಿಕೊಂಡು ಉರಿಯುತ್ತದೆ. ಅಲ್ಯೂಮಿನಿಯಮ್ಮಿನ ತಂಟೆ ಬೇರೆ ಬಗೆಯದು. ಅದು 660 ಡಿಗ್ರಿಗೇ ಕರಗುತ್ತದೆ. ಆದರೆ ಅದರ ಮೈಮೇಲಿನ ತೆಳುವಾದ ಆಕ್ಸೈಡ್ ಪೊರೆ ಕರಗಬೇಕಾದರೆ 2000 ಡಿಗ್ರಿ ದಾಟಬೇಕು. ಹಾಲಿನ ಕೆನೆಯಂತೆ ಪೊರೆ ಮೇಲೆ ನಿಂತಿರುವಾಗ ಕೆಳಗಿನ ಲೋಹಗಳು ಕೂಡುವುದೆಂತು? ನಾರ್ತ್ರಪ್ ವಿಮಾನ ಕಾರ್ಖಾನೆಯ ರಸೆಲ್ ಮೆರಿಡಿತ್ 1941ರ ಸುಮಾರಿನಲ್ಲಿ ಕರಗದ ಟಂಗ್‌ಸ್ಟನ್ ಕಡ್ಡಿಯನ್ನು ಹೀಲಿಯಮ್ಮಿನ ಕಾವಲಿನಲ್ಲಿ ಹಿಡಿದು ಮೆಗ್ನೀಸಿಯಮ್ಮನ್ನು ಗೆದ್ದ. ಕೆಲಸ ಅಚ್ಚುಕಟ್ಟು, ಆದರೆ ಬಲು ನಿಧಾನ. ಒಂದು ಕೈಯಲ್ಲಿ ಚಾಪ, ಇನ್ನೊಂದು ಕೈಯಲ್ಲಿ ತುಂಬುವ ತಂತಿ, ಅಕ್ಕಸಾಲಿಗನ ಕುಸುರಿಯಂತೆ. ದಪ್ಪ ಹಲಗೆಗಳಿಗೆ ಅದು ಒದಗುವಂತಿರಲಿಲ್ಲ.

ಕೊನೆಗೆ 1948ರಲ್ಲಿ ಒಹಾಯೋ ಸಂಸ್ಥಾನದ ಬ್ಯಾಟೆಲ್ ಸಂಶೋಧನಾಲಯದಲ್ಲಿ, ಏರ್ ರಿಡಕ್ಷನ್ ಎಂಬ ಅನಿಲದ ಕಂಪನಿಯ ಹಣದ ನೆರವಿನಿಂದ, ಟಂಗ್‌ಸ್ಟನ್ನನ್ನು ತೆಗೆದುಹಾಕಿ ಅದರ ಜಾಗಕ್ಕೆ ಸುರುಳಿಯಿಂದ ಬಿಚ್ಚಿಕೊಳ್ಳುವ ಸಣ್ಣ ತಂತಿಯನ್ನೇ ತಂದರು. ಅನಿಲ ಮಾರುವವರೇ ಹಣ ಹಾಕಿದರೆಂಬುದರಲ್ಲಿ ಆಶ್ಚರ್ಯವೇನೂ ಇಲ್ಲ. ಹೊಸ ವಿಧಾನದ ಮೊದಲ ಕಾರ್ಯಕ್ಷೇತ್ರ ಅಲ್ಯೂಮಿನಿಯಂ. ತಂತಿಯನ್ನು ವಿದ್ಯುತ್ತಿನ ಧನ ತುದಿಗೆ ಜೋಡಿಸಿದಾಗ ಚಾಪವು ಆ ಹಠಮಾರಿ ಪೊರೆಯನ್ನು ತಾನೇ ಸಿಡಿಸಿ ದೂರಮಾಡುತ್ತಿತ್ತು.

ತಾನೇ ಮುಂದೆ ಸರಿಯುವ ಬತ್ತಿ

ಇದರ ಒಳಗುಟ್ಟನ್ನು ಕೊಂಚ ವಿವರವಾಗಿ ನೋಡುವುದು ಯೋಗ್ಯ. ದೇವರ ಮುಂದಿನ ದೀಪದಲ್ಲಿ ಬತ್ತಿ ಉರಿದು ಮೋಟಾದಂತೆ ಯಾರಾದರೂ ಅದನ್ನು ಮುಂದಕ್ಕೆ ಸರಿಸಬೇಕಷ್ಟೆ. ಬತ್ತಿಯೇ ತಾನು ಉರಿದಷ್ಟನ್ನು ಲೆಕ್ಕವಿಟ್ಟು ಅಷ್ಟೇ ಮುಂದೆ ಸರಿಯುವಂತಿದ್ದರೆ? ಇಲ್ಲಿ ನಡೆಯುವುದು ಅದೇ. ಒಂದು ಪೆಟ್ಟಿಗೆಯಲ್ಲಿರುವ ಗಾಲಿಗಳು ಒಂದು ಮಿಲಿಮೀಟರಿನ ಆಸುಪಾಸು ದಪ್ಪದ ತಂತಿಯನ್ನು ಸುರುಳಿಯಿಂದ ಎಳೆದು, ಉದ್ದನೆಯ ಕೊಳವೆಯ ಮೂಲಕ ಪಿಸ್ತೂಲಿಗೆ ನೂಕುತ್ತವೆ. ನಿಮಿಷಕ್ಕೆ ಹಲವಾರು ಮೀಟರ್ ವೇಗ. ಮೂತಿಯ ಬಳಿ ತಾಮ್ರದ ಸಣ್ಣ ನಳಿಗೆಯೊಂದು ತಂತಿಗೆ ವಿದ್ಯುತ್ತನ್ನು ಮುಟ್ಟಿಸುತ್ತದೆ. ಅದರ ಸುತ್ತಣ ಅಗಲವಾದ ಬಾಯಿಯಿಂದ ಅನಿಲ ನಿಮಿಷಕ್ಕೆ ಹತ್ತು ಹದಿನೈದು ಲೀಟರಿನಂತೆ ಹರಿಯುತ್ತದೆ.

ಮನುಷ್ಯನ ಕೈ ಎಷ್ಟೇ ಪಳಗಿದ್ದರೂ ಕೂದಲೆಳೆಯಷ್ಟಾದರೂ ನಡುಗುವುದು ಸಹಜ. ಕೈ ಕೆಳಗಿಳಿದರೆ ಚಾಪ ಗಿಡ್ಡವಾಗುತ್ತದೆ. ವಿದ್ಯುದ್ಯಂತ್ರ ಒತ್ತಡವನ್ನು, ಅಂದರೆ ವೋಲ್ಟೇಜನ್ನು, ಒಂದೇ ಮಟ್ಟದಲ್ಲಿ ಹಿಡಿದಿಡುವಂತಹದಾದುದರಿಂದ, ಚಾಪ ಗಿಡ್ಡವಾದೊಡನೆ ಪ್ರವಾಹ ಏರುತ್ತದೆ. ಪ್ರವಾಹ ಏರಿದೊಡನೆ ತಂತಿ ಬೇಗ ಕರಗುತ್ತದೆ. ತಂತಿ ಬೇಗ ಕರಗಿದೊಡನೆ ಚಾಪ ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ. ಕೈ ಮೇಲೆದ್ದರೆ ಇದೆಲ್ಲ ತಿರುಗುಮುರುಗಾಗಿ ನಡೆಯುತ್ತದೆ. ಯಾರ ಅಪ್ಪಣೆಗೂ ಕಾಯದೆ, ಕಣ್ಣು ಮಿಟುಕಿಸುವುದರೊಳಗೆ ಎಲ್ಲವೂ ಸರಿಹೋಗುತ್ತದೆ. ಕಡ್ಡಿಯ ಬೆಸುಗೆಯಲ್ಲಿ ವರ್ಷಗಟ್ಟಲೆ ಪಳಗಿ ಸಾಧಿಸಬೇಕಾದ ಕೈಹಿಡಿತದ ಒಂದು ಪಾಲನ್ನು ಯಂತ್ರವೇ ವಹಿಸಿಕೊಂಡಿತೆನ್ನಬಹುದು. ಹೊಸಬನೂ ಕೆಲವೇ ದಿನಗಳಲ್ಲಿ ನೋಡಲು ಅಂದವಾದ ಬೆಸುಗೆ ಹಾಕಬಲ್ಲನಾದ. 'ನೋಡಲು ಅಂದವಾದ' ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಅದರ ಕಥೆ ಮುಂದಿದೆ.

ಆರ್ಗಾನಿನ ಬೆಲೆ ಉಕ್ಕಿನ ಕೆಲಸಕ್ಕೆ ನಿಲುಕುವಂತಿರಲಿಲ್ಲ. ದ್ರವೀಕರಿಸಿದ ಗಾಳಿಯಿಂದ, ಸೊನ್ನೆಗಿಂತ 186 ಡಿಗ್ರಿ ಕೆಳಗೆ, ಅದನ್ನು ಬೇರ್ಪಡಿಸಿ ತೆಗೆಯುವುದೆಂದರೆ ಸಾಮಾನ್ಯ ಕೆಲಸವೆ? 1953ರಲ್ಲಿ ಸೋವಿಯತ್ ದೇಶದ ಲ್ಯುಬಾವ್‌ಸ್ಕಿ ಮತ್ತು ನೊವೊಝಿಲೋವ್ ಇದಕ್ಕೆ ಪರಿಹಾರ ಹೇಳಿದರು: ಇಂಗಾಲದ ಡೈ ಆಕ್ಸೈಡ್. ಗೋಲಿ ಸೋಡಾದ ಗೋಲಿಯನ್ನು ಒತ್ತಿದಾಗ ಬುಸ್ಸೆಂದು ಹೊರಬರುತ್ತದಲ್ಲ, ಅದೇ ಅನಿಲ! ಇದು ಸೋಮಾರಿಯಲ್ಲ. ಚಾಪದ ಬಿಸಿಗೆ ಒಡೆದು ಆಮ್ಲಜನಕವನ್ನು ಬಿಡುತ್ತದೆ. ಆ ಆಮ್ಲಜನಕ ಉಕ್ಕನ್ನು ಸುಡಲು ಹವಣಿಸುತ್ತದೆ. ಕಾವಲಿಗಿಟ್ಟವನೇ ಕಳ್ಳನಾದಂತೆ. ಆದರೆ ತಂತಿಯಲ್ಲಿ ಮ್ಯಾಂಗನೀಸ್ ಮತ್ತು ಸಿಲಿಕಾನನ್ನು ಸ್ವಲ್ಪ ಹೆಚ್ಚಾಗಿ ಬೆರೆಸಿಟ್ಟರೆ, ಅವು ಮುಂದಾಗಿ ಆಮ್ಲಜನಕವನ್ನು ಹಿಡಿದುಕೊಂಡು ಮೇಲೆ ತೇಲಿಬರುತ್ತವೆ. ಬೆಸುಗೆಯ ಮೇಲೆ ಅಲ್ಲಲ್ಲಿ ಕಾಣುವ ಕಂದುಬಣ್ಣದ ಗಾಜಿನಂತಹ ಚುಕ್ಕೆಗಳು ಇವೇ. ಅಗ್ಗದ ಅನಿಲ ಬಂದೊಡನೆ ಈ ವಿದ್ಯೆ ವಿಮಾನದ ಕಾರ್ಖಾನೆಯಿಂದ ಮೋಟಾರಿನ ಕಾರ್ಖಾನೆಗೆ ಇಳಿಯಿತು.

1950ರ ದಶಕದ ಕೊನೆಯಲ್ಲಿ ಇನ್ನೂ ಸಣ್ಣ ತಂತಿ, ಇನ್ನೂ ಕಡಿಮೆ ಪ್ರವಾಹದ ವಿಧಾನವೊಂದು ಬಳಕೆಗೆ ಬಂತು. ಇದರಲ್ಲಿ ತಂತಿಯ ತುದಿ ಕರಗಿದ ಲೋಹದ ಕೊಳವನ್ನು ಮುಟ್ಟುತ್ತದೆ, ಚಾಪ ಆರುತ್ತದೆ, ಪ್ರವಾಹ ನುಗ್ಗಿ ತುದಿ ಕರಗಿ ಹರಿಯುತ್ತದೆ, ಚಾಪ ಮತ್ತೆ ಹೊತ್ತುತ್ತದೆ. ಒಂದು ಸೆಕೆಂಡಿನಲ್ಲಿ ಇಪ್ಪತ್ತರಿಂದ ಇನ್ನೂರು ಸಲ! ಕಿವಿಗೆ ಕೇಳುವುದು ಒಗ್ಗರಣೆಯ ಸಾಸಿವೆ ಸಿಡಿಯುವ ಸದ್ದು. ಒಳ್ಳೆಯ ಕೆಲಸಗಾರ ಅಳತೆಯ ಮುಳ್ಳನ್ನು ನೋಡುವುದಕ್ಕಿಂತ ಈ ಸದ್ದನ್ನು ಕೇಳಿಯೇ ಯಂತ್ರವನ್ನು ಹದಗೊಳಿಸುತ್ತಾನೆ. ಹೀಗೆ ಬೀಳುವ ಲೋಹ ಬೇಗ ಆರುವುದರಿಂದ ತೆಳು ತಗಡು ತೂತಾಗುವುದಿಲ್ಲ, ತಲೆಯ ಮೇಲಣ ಸಂದಿನಿಂದಲೂ ಲೋಹ ಸುರಿಯುವುದಿಲ್ಲ. ಮೋಟಾರುಕಾರಿನ ಒಡಲಿಗೆ ಇದಕ್ಕಿಂತ ಒಪ್ಪುವ ಬೆಸುಗೆ ಯಾವುದು? ದಪ್ಪ ಹಲಗೆಗಳಿಗಾದರೋ ಬಹುಪಾಲು ಆರ್ಗಾನ್ ಇರುವ ಮಿಶ್ರಣವನ್ನು ಹರಿಸಿ ಪ್ರವಾಹವನ್ನು ಏರಿಸುತ್ತಾರೆ. ಆಗ ಲೋಹ ತುಂತುರು ಮಳೆಯಂತೆ, ತಂತಿಗಿಂತಲೂ ಸಣ್ಣ ಹನಿಗಳಾಗಿ, ಸುಯ್ಯೆಂದು ಇಳಿಯುತ್ತದೆ.

ಇಂದು ಮೋಟಾರ್ ಸೈಕಲ್ಲಿನ ಚೌಕಟ್ಟು, ಬಸ್ಸಿನ ಅಸ್ಥಿಪಂಜರ, ಟ್ರ್ಯಾಕ್ಟರು, ಮಣ್ಣು ತೋಡುವ ಯಂತ್ರಗಳ ನೀಳ ತೋಳು, ಕಾರಿನ ಸೈಲೆನ್ಸರು ಎಲ್ಲಕ್ಕೂ ಇದೇ ತಂತಿ. ಭಾರತದಲ್ಲಿ ರಿವೆಟ್ಟನ್ನು ಬಿಟ್ಟು ಬೆಸುಗೆಯನ್ನು ನಂಬಿ ಹೊರಟ ದೊಡ್ಡ ಸಾಹಸವೆಂದರೆ 1955ರ ಅಕ್ಟೋಬರ್ 2ರಂದು ಆರಂಭವಾದ ಪೆರಂಬೂರಿನ ರೈಲುಡಬ್ಬಿಯ ಕಾರ್ಖಾನೆ. ಸ್ವಿಸ್ ಕಂಪನಿಯ ಮಾದರಿಯಲ್ಲಿ ಪೂರ್ತಿ ಬೆಸೆದ ಉಕ್ಕಿನ ಡಬ್ಬಿಗಳು ಅಲ್ಲಿಂದ ಹೊರಬಿದ್ದವು. ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ವಿಮಾನಗಳ ಜೊತೆಗೆ ರೈಲುಡಬ್ಬಿಗಳನ್ನೂ ತಯಾರಿಸುತ್ತಿದ್ದುದು ಹಳಬರಿಗೆ ನೆನಪಿದ್ದೀತು. 1964ರಲ್ಲಿ ಸ್ಥಾಪನೆಯಾದ 'ಬೆಮೆಲ್' ಆ ಕೆಲಸವನ್ನು ವಹಿಸಿಕೊಂಡಿತು. 1970ರ ದಶಕದಿಂದೀಚೆಗೆ ಪಿಸ್ತೂಲನ್ನು ಹಿಡಿಯುವ ಕೈ ರೋಬೋಟಿನದಾಗಿದೆ. ಮುಗಿಯದ ತಂತಿಯಿದ್ದುದರಿಂದಲೇ ಇದು ಸಾಧ್ಯವಾಯಿತು. ನಿಮಿಷಕ್ಕೊಮ್ಮೆ ಕಡ್ಡಿ ಬದಲಾಯಿಸಬೇಕಾಗಿದ್ದರೆ ರೋಬೋಟಿಗೊಬ್ಬ ಆಳನ್ನು ಇಡಬೇಕಾಗುತ್ತಿತ್ತು.

ಆರು ಮಿಲಿಮೀಟರಿನ ಗೆರೆ

ಈಗ ಅಂದದ ಕಥೆ. ಕಡಿಮೆ ಪ್ರವಾಹದ ಬೆಸುಗೆಗೆ ಒಂದು ಕೆಟ್ಟ ಗುಣವುಂಟು. ದಪ್ಪನೆಯ ತಣ್ಣನೆಯ ಹಲಗೆಯ ಮೇಲೆ ಅದನ್ನು ಹರಿಸಿದರೆ, ಲೋಹ ಮೇಲೆ ಜಿಲೇಬಿಯ ಎಳೆಯಂತೆ ನುಣ್ಣಗೆ ಕುಳಿತುಬಿಡುತ್ತದೆ, ಕೆಳಗಿನ ಹಲಗೆ ಮಾತ್ರ ಕರಗಿಯೇ ಇರುವುದಿಲ್ಲ. ನೋಡುವವರಿಗೆ ಬೆಸುಗೆ, ವಾಸ್ತವದಲ್ಲಿ ಬರಿಯ ಅಂಟು. ಕಣ್ಣು ಇದನ್ನು ಕಂಡುಹಿಡಿಯಲಾರದು. ಆದುದರಿಂದಲೇ ಪ್ರಾಣದ ಪ್ರಶ್ನೆಯಿರುವ ಜೋಡಣೆಗಳನ್ನು ಎಕ್ಸ್-ರೇ ಕಿರಣಗಳಿಂದಲೋ, ಕಿವಿಗೆ ಕೇಳದ ಶಬ್ದತರಂಗಗಳಿಂದಲೋ ಒಳಹೊಕ್ಕು ನೋಡುವ ಪದ್ಧತಿ ಬೆಳೆದದ್ದು.

ಬೆಸುಗೆಯ ಕೇಡು ರಿವೆಟ್ಟಿನ ಕೇಡಿನಂತಲ್ಲ. ಯುದ್ಧಕಾಲದಲ್ಲಿ ಅಮೆರಿಕ 1941ರಿಂದ 1945ರೊಳಗೆ 2,710 'ಲಿಬರ್ಟಿ' ಹಡಗುಗಳನ್ನು ಬೆಸೆದು ನೀರಿಗಿಳಿಸಿತು. ಅವುಗಳನ್ನು ಬೆಸೆದವರಲ್ಲಿ ಅಲ್ಪಕಾಲದ ತರಬೇತಿ ಪಡೆದ ಸಾವಿರಾರು ಮಂದಿ ಸ್ತ್ರೀಯರೂ ಇದ್ದರು. ಅದೇ ಕಾಲದಲ್ಲಿ ಬೆಸೆದು ಕಟ್ಟಿದ 'ಸ್ಕೆನೆಕ್ಟಡಿ' ಎಂಬ ತೈಲದ ಹಡಗು 1943ರ ಜನವರಿ 16ರ ರಾತ್ರಿ, ಅಲೆಯೂ ಇಲ್ಲದ ಬಂದರಿನಲ್ಲಿ ಕಟ್ಟಿ ನಿಲ್ಲಿಸಿದ್ದಂತೆಯೇ, ಭಾರಿ ಸದ್ದಿನೊಡನೆ ನಡುವೆ ಸೀಳಿಹೋಯಿತು. ಕೇಂಬ್ರಿಜ್‌ನ ಕಾನ್ಸ್‌ಟನ್ಸ್ ಟಿಪ್ಪರ್ ಎಂಬ ಮಹಿಳೆ ಇಂತಹ ಹಡಗುಗಳ ಉಕ್ಕನ್ನು ಪರೀಕ್ಷಿಸಿ, ತಪ್ಪು ಬೆಸುಗೆಯದೊಂದೇ ಅಲ್ಲ, ಆ ಉಕ್ಕು ಚಳಿಯಲ್ಲಿ ಗಾಜಿನಂತೆ ಪೆಡಸಾಗುತ್ತದೆಂದು ತೋರಿಸಿದಳು. ಆದರೆ ಬೆಸುಗೆ ಒಂದು ಕೆಲಸವನ್ನು ಖಂಡಿತ ಮಾಡಿತ್ತು. ರಿವೆಟ್ ಮಾಡಿದ ಹಡಗಿನಲ್ಲಿ ಬಿರುಕು ಒಂದು ಹಲಗೆಯ ಅಂಚಿಗೆ ಬಂದು ನಿಲ್ಲುತ್ತಿತ್ತು; ಬೆಸೆದ ಹಡಗಾದರೋ ಇಡೀ ಒಂದೇ ಹಲಗೆ. ಬಿರುಕಿಗೆ ನಿಲ್ದಾಣವೇ ಇಲ್ಲ.

1980ರ ಮಾರ್ಚ್ 27ರಂದು ಉತ್ತರ ಸಮುದ್ರದಲ್ಲಿ ನಡೆದದ್ದು ಇದಕ್ಕಿಂತ ಘೋರ. ತೈಲಬಾವಿಗಳ ಕೆಲಸಗಾರರು ತಂಗಲೆಂದು ನಿಲ್ಲಿಸಿದ್ದ 'ಅಲೆಕ್ಸಾಂಡರ್ ಕೀಲಾಂಡ್' ಎಂಬ ಐದು ಕಾಲಿನ ತೇಲುವ ಅಟ್ಟದಲ್ಲಿ ಅಂದು 212 ಮಂದಿಯಿದ್ದರು. ಬಿರುಗಾಳಿಯ ಸಂಜೆ. ಕಾಲುಗಳನ್ನು ಬಿಗಿದಿದ್ದ ಎರಡೂವರೆ ಮೀಟರಿಗೂ ಹೆಚ್ಚು ದಪ್ಪದ ಉಕ್ಕಿನ ಕೊಳವೆಯೊಂದು ತುಂಡಾಯಿತು. ಅದರ ಹಿಂದೆಯೇ ಉಳಿದವು. ಒಂದು ಕಾಲು ಕಳಚಿಹೋಯಿತು. ಇಪ್ಪತ್ತು ನಿಮಿಷಗಳ ಆಸುಪಾಸಿನಲ್ಲಿ ಇಡೀ ಅಟ್ಟ ಬೋರಲಾಯಿತು. 123 ಮಂದಿ ಸತ್ತರು. ತನಿಖೆಯವರು ಮುರಿದ ಕೊಳವೆಯನ್ನು ತಂದು ನೋಡಿದಾಗ ಬಿರುಕಿನ ಮೂಲ ಸಿಕ್ಕಿದ್ದು ಆ ಬೃಹತ್ ಉಕ್ಕಿನ ಯಾವ ಮುಖ್ಯ ಜೋಡಣೆಯಲ್ಲಿಯೂ ಅಲ್ಲ. ನೀರಿನೊಳಗಿನ ಸದ್ದನ್ನು ಆಲಿಸುವ ಒಂದು ಸಣ್ಣ ಉಪಕರಣವನ್ನು ಕೂರಿಸಲು ಆ ಕೊಳವೆಗೆ ಹಿಡಿಕೆಯೊಂದನ್ನು ಬೆಸೆದಿದ್ದರು. ಆರು ಮಿಲಿಮೀಟರಿನ ಗೆರೆ. ಭಾರ ಹೊರುವ ಭಾಗವಲ್ಲವೆಂದು ಅದನ್ನು ಯಾರೂ ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಬಿರುಕಿನ ಒಳಮೈಯಲ್ಲಿ ಬಣ್ಣದ ಕುರುಹು ಇತ್ತು. ಅಂದರೆ ಕಾರ್ಖಾನೆಯಲ್ಲಿ ಬಣ್ಣ ಬಳಿಯುವ ದಿನವೇ ಬೆಸುಗೆ ಬಿರಿದಿತ್ತು. ಕುಂಚ ಅದರ ಮೇಲೆ ಹಾದುಹೋಗಿತ್ತು.

ಫ್ಯಾನು ಹಾಕುವಂತಿಲ್ಲ

ಅನಿಲದ ಕಾವಲಿಗೆ ದೊಡ್ಡ ಶತ್ರು ಗಾಳಿಯ ಬೀಸು. ತಂಗಾಳಿ ಕೊಂಚ ಜೋರಾದರೂ ಸಾಕು, ಕಾವಲು ಹಾರಿಹೋಗಿ ಬೆಸುಗೆ ದೋಸೆಯಂತೆ ತೂತುತೂತಾಗುತ್ತದೆ. ಬಯಲಿನಲ್ಲಿ ಕಟ್ಟುವ ಸೇತುವೆ, ಕೊಳವೆಮಾರ್ಗಗಳಲ್ಲಿ ಹಳೆಯ ಕಡ್ಡಿಯೂ, ಹೊಟ್ಟೆಯಲ್ಲಿ ಪುಡಿ ತುಂಬಿದ ತಂತಿಯೂ ಇಂದಿಗೂ ಉಳಿದಿರುವುದು ಈ ಕಾರಣದಿಂದ. ಶೆಡ್ಡಿನೊಳಗೆ ಕೆಲಸ ಮಾಡುವವನಿಗೆ ಇದರಿಂದ ಬಂದ ಸಂಕಟ ಬೇರೆ. ಏಪ್ರಿಲ್ ತಿಂಗಳ ಬಿಸಿಲು, ಮೇಲೆ ತಗಡು, ಮೈಮೇಲೆ ಚರ್ಮದ ಕವಚ, ಮುಖಕ್ಕೆ ಮುಖವಾಡ, ಮುಂದೆ ಬೆಂಕಿ. ಆದರೂ ಫ್ಯಾನು ಹಾಕುವಂತಿಲ್ಲ. ಹಾಕಿದರೆ ಬೆಸುಗೆ ಕೆಡುತ್ತದೆ, ಹಾಕದಿದ್ದರೆ ಹೊಗೆ ನೇರವಾಗಿ ಮೂಗಿಗೆ.

ಆ ಹೊಗೆ ನಿರಪಾಯವಾದುದೇನೂ ಅಲ್ಲ. ಸತುವಿನ ಲೇಪವಿರುವ ತಗಡನ್ನು ಬೆಸೆದವನಿಗೆ ರಾತ್ರಿ ಚಳಿಜ್ವರ ಬರುವುದು ಕಸುಬಿನವರಿಗೆ ಹಳೆಯ ಅನುಭವ. ಜಿಡ್ಡು ತೆಗೆಯಲು ಬಳಸುವ ಕ್ಲೋರಿನ್ ಕೂಡಿದ ದ್ರಾವಣಗಳ ಆವಿ ಚಾಪದ ಬಳಿ ಸುಳಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ಬೆಸುಗೆಯ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ನಿಶ್ಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು. ನಮ್ಮ ಸೋಮಾರಿಯೂ ಮುಚ್ಚಿದ ತೊಟ್ಟಿಯೊಳಗೆ ಕೊಲೆಗಾರನೇ. ಆರ್ಗಾನ್ ಗಾಳಿಗಿಂತ ಭಾರ, ವಾಸನೆಯಿಲ್ಲ, ಬಣ್ಣವಿಲ್ಲ, ತಳದಲ್ಲಿ ನಿಂತು ಉಸಿರಾಡುವ ಗಾಳಿಯನ್ನು ಮೇಲಕ್ಕೆ ತಳ್ಳಿಬಿಡುತ್ತದೆ. ತೊಟ್ಟಿಯೊಳಗೆ ಇಳಿದವನಿಗೆ ಉಸಿರು ಕಟ್ಟಿದ ಅರಿವೂ ಆಗದೆ ಪ್ರಜ್ಞೆ ತಪ್ಪಬಹುದು.

ದೊಡ್ಡ ಕಾರ್ಖಾನೆಗಳಲ್ಲಿ ಪಿಸ್ತೂಲಿನ ಬಾಯಲ್ಲೇ ಹೊಗೆಯನ್ನು ಹೀರಿಕೊಳ್ಳುವ ನಳಿಗೆಗಳೂ, ಒಳಗೆ ಶುದ್ಧಗಾಳಿಯನ್ನು ಊದುವ ಮುಖವಾಡಗಳೂ ಬಂದಿವೆ. ನನಗೆ ಪರಿಚಿತವಾದ ಒಂದು ಸಣ್ಣ ಶೆಡ್ಡಿನಲ್ಲಿ ಇದಾವುದೂ ಇಲ್ಲ. ಬೇಸಗೆಯಲ್ಲಿ ಅಲ್ಲಿನವರು ಬೆಳಗಿನ ಆರು ಗಂಟೆಗೇ ಬಾಗಿಲು ತೆರೆದು, ಗಾಳಿ ಏಳುವ ಮುನ್ನ ಬೆಸುಗೆಯ ಕೆಲಸ ಮುಗಿಸುತ್ತಾರೆ. ಹನ್ನೊಂದರ ಹೊತ್ತಿಗೆ ಅನಿಲದ ಸಿಲಿಂಡರಿನ ತಿರುಪನ್ನು ಬಿಗಿದು, ಮುಖವಾಡ ಕಳಚಿ, ಮೇಜಿನ ಮೇಲಿನ ಫ್ಯಾನನ್ನು ಹಾಕಿ, ಉಜ್ಜುವ ಬಣ್ಣ ಬಳಿಯುವ ಕೆಲಸಕ್ಕೆ ಕೂರುತ್ತಾರೆ. ಬಣ್ಣ ಬಳಿಯುವ ಮೊದಲು ಒಡೆಯನಾದ ಮುದುಕ ಬಂದು, ಕನ್ನಡಕವನ್ನು ಹಣೆಗೇರಿಸಿ, ಒಂದೊಂದು ಬೆಸುಗೆಯ ಮೇಲೂ ಬೆರಳುಗುರನ್ನು ಎಳೆದು ನೋಡುತ್ತಾನೆ.